ಏಳು ದಿನದ ಅರಸ: ಪೂರ್ವ ಕರಾವಳಿಗೆ ಬಂದ ಹಿರಿಯರ ವಂಶಾವಳಿ

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ನೆಲೆನಿಂತ ಕನ್ನಡಿಗರ ಮನೆಗಳಲ್ಲಿ ವಂಶದ ಮಾತು ಬಂದರೆ ಅದು ಬಹುಮಟ್ಟಿಗೆ ಮೂರನೆಯ ತಲೆಮಾರಿಗೆ ನಿಂತುಹೋಗುತ್ತದೆ. ತಂದೆ ಬ್ಯಾಂಕಿಗೋ ಉಕ್ಕಿನ ಕಾರ್ಖಾನೆಗೋ ನೌಕಾನೆಲೆಗೋ ವರ್ಗವಾಗಿ ಬಂದರು. ಅಜ್ಜ ಹೋಟೆಲು ಇಡಲೆಂದೋ ರೈಲ್ವೆ ನೌಕರಿಗೆಂದೋ ಊರು ಬಿಟ್ಟರು. ಇಷ್ಟನ್ನು ಖಚಿತವಾಗಿ ಹೇಳುತ್ತೇವೆ. ಅಜ್ಜನ ಅಜ್ಜ ಯಾರು ಎಂದು ಮಕ್ಕಳು ಕೇಳಿದೊಡನೆ ನಮ್ಮ ವ್ಯಾಕರಣವೇ ಬದಲಾಗುತ್ತದೆ. ಮೂಲದಲ್ಲಿ ಅಹಿಚ್ಛತ್ರದಿಂದ ಬಂದವರಂತೆ, ವಿಜಯನಗರದ ಅರಸರಲ್ಲಿ ದೊಡ್ಡ ಅಧಿಕಾರದಲ್ಲಿದ್ದರಂತೆ. ‘ಅಂತೆ’ ಎಂಬ ಒಂದು ಪ್ರತ್ಯಯ ನಾಲ್ಕಾರು ಶತಮಾನಗಳನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ. ನಡುವೆ ಬಾಳಿ ಅಳಿದ ಹತ್ತು ಹನ್ನೆರಡು ತಲೆಮಾರಿನವರು, ಸಾಲ ಮಾಡಿದವರು, ಊರೂರು ಅಲೆದವರು, ಬೇಗನೆ ತೀರಿಕೊಂಡವರು, ಯಾರೂ ಆ ಕಥೆಯೊಳಗೆ ಇರುವುದಿಲ್ಲ.

ಊರಿನಲ್ಲೇ ಉಳಿದವರಿಗೆ ಈ ಕೊರತೆ ತುಂಬಲು ಒಂದು ವ್ಯವಸ್ಥೆಯಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸುಗ್ಗಿಯ ಕಾಲಕ್ಕೆ ಎತ್ತಿನ ಮೇಲೆ ಕುಳಿತು, ಗಂಟೆಯ ಸದ್ದಿನೊಡನೆ ಹೆಳವರು ಬರುತ್ತಿದ್ದರು. ಒಕ್ಕಲಿನ ಅಂಗಳದಲ್ಲಿ ನಿಂತು ಆ ಮನೆತನದ ಮೂಲ ಊರು, ಕವಲೊಡೆದ ಶಾಖೆಗಳು, ಗಂಡುಮಕ್ಕಳ ಹೆಸರುಗಳು ಇವನ್ನೆಲ್ಲ ಹಾಡಿದಂತೆ ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಗೆಯಲ್ಲಿ ಸೇರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಸಮುದ್ರದ ದಂಡೆಯ ನಮ್ಮ ಬಹುಮಹಡಿ ಮನೆಗಳ ಬಾಗಿಲಿಗೆ ಆ ಎತ್ತು ಬರುವುದಿಲ್ಲ. ಆದ್ದರಿಂದ ವಂಶಾವಳಿಯನ್ನು ನಾವೇ ಬರೆದುಕೊಳ್ಳಬೇಕಾಗಿದೆ. ಬರೆಯುವುದು ಹೇಗೆ ಎಂಬುದಕ್ಕೆ ಮಾದರಿಗಳು ಬೇಕೆಂದರೆ ದೂರ ಹೋಗಬೇಕಿಲ್ಲ. ಕನ್ನಡ ನಾಡಿನಿಂದ ಬಂದು ಈ ಕರಾವಳಿಯಲ್ಲಿ ಬೇರು ಬಿಟ್ಟ ಒಂದು ಮನೆತನ, ಹಾಗೆ ಬಂದೆವೆಂದು ಹೇಳಿಕೊಂಡ ಇನ್ನೊಂದು ಮನೆತನ, ಇಲ್ಲಿಂದ ಕನ್ನಡ ನಾಡಿನ ಕಡೆಗೆ ಹೋದ ಮತ್ತೊಂದು ಮನೆತನ, ಈ ಮೂರೂ ತಮ್ಮ ಹಿರಿಯರ ಪಟ್ಟಿಯನ್ನು ತಾಮ್ರದ ಮೇಲೆ, ಕಲ್ಲಿನ ಮೇಲೆ, ಕಾವ್ಯದಲ್ಲಿ ಬರೆದಿಟ್ಟಿವೆ.

ಮೊದಲನೆಯದು ವೆಂಗಿಯ ಚಾಲುಕ್ಯರದು. ಏಳನೆಯ ಶತಮಾನದ ಮೊದಲ ದಶಕಗಳಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿ ಪೂರ್ವ ಕರಾವಳಿಯ ಮೇಲೆ ದಂಡೆತ್ತಿ ಬಂದನು. 634ರ ಐಹೊಳೆಯ ಶಾಸನದಲ್ಲಿ ಪಿಷ್ಟಪುರದ ಕೋಟೆ, ಅಂದರೆ ಇಂದಿನ ಪಿಠಾಪುರ, ಅವನ ವಶವಾದ ಮಾತಿದೆ. ಕುನಾಲ ಸರೋವರದ ನೀರು ನೆತ್ತರಿನಿಂದ ಕೆಂಪಾದ ವರ್ಣನೆಯಿದೆ. ಆ ಸರೋವರವೇ ವಿಜಯವಾಡದಿಂದ ಏಲೂರಿನ ಕಡೆಗೆ ಹೋಗುವಾಗ ಸಿಗುವ ಕೊಲ್ಲೇರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಗೆದ್ದ ನಾಡನ್ನು ಆಳಲು ಪುಲಕೇಶಿ ತನ್ನ ತಮ್ಮ ಕುಬ್ಜ ವಿಷ್ಣುವರ್ಧನನನ್ನು ನಿಯಮಿಸಿದನು. ಈ ತಮ್ಮನಿಗೆ ಪೂರ್ವದ ಕಡಲು ಮೊದಲ ವರ್ಗಾವಣೆಯೇನಲ್ಲ. ಅದಕ್ಕೂ ಮುಂಚೆ ಯುವರಾಜನಾಗಿ ಅವನು ಭೀಮಾ ನದಿಯ ಪ್ರದೇಶದಲ್ಲಿ ಒಂದು ಹಳ್ಳಿಯನ್ನು ದಾನ ಮಾಡಿದ ತಾಮ್ರಪಟ ಸಾತಾರದಲ್ಲಿ ದೊರೆತಿದೆ. ಪಶ್ಚಿಮದ ಬೆಟ್ಟಸಾಲಿನ ಬುಡದಿಂದ ಪೂರ್ವದ ಕಡಲಿನ ದಂಡೆಯವರೆಗೆ ಒಬ್ಬ ಮನುಷ್ಯನ ಪಯಣವನ್ನು ಹೀಗೆ ಅವನ ಕಾಲದ ದಾಖಲೆಗಳಿಂದಲೇ ನಾವು ಹಿಂಬಾಲಿಸಬಹುದು. ಕಡೆಯ ಗುರುತುಗಳು ಹಿಂದಿನ ವಿಶಾಖಪಟ್ಟಣ ಜಿಲ್ಲೆಯಲ್ಲಿಯೇ ಸಿಕ್ಕಿವೆ: ತಿಮ್ಮಾಪುರದ ತಾಮ್ರಪಟ ಮತ್ತು ಚೀಪುರುಪಲ್ಲಿಯ ತಾಮ್ರಪಟ. ಎರಡನೆಯದು ಅವನ ಆಳ್ವಿಕೆಯ 18ನೆಯ ವರ್ಷದ್ದು.

ಈ 18 ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಬೇಕು. ಸುಮಾರು ಎರಡೂವರೆ ಮೂರು ಶತಮಾನಗಳ ತರುವಾಯದ ವೆಂಗಿಯ ಅರಸರು ತಮ್ಮ ದಾನಶಾಸನಗಳಲ್ಲಿ ಒಂದು ವಿಶಿಷ್ಟ ಪದ್ಧತಿಯನ್ನು ಅನುಸರಿಸಿದರು. ಹಿರಿಯರ ಹೆಸರುಗಳನ್ನು ಹೇಳುವುದರ ಜೊತೆಗೆ ಯಾರು ಎಷ್ಟು ಕಾಲ ಆಳಿದರೆಂಬ ಲೆಕ್ಕವನ್ನೂ ಕೊಟ್ಟರು. ಪಟ್ಟಿಯ ಮೊದಲಿಗೆ ಸತ್ಯಾಶ್ರಯ ವಲ್ಲಭನ ತಮ್ಮನಾದ ಕುಬ್ಜ ವಿಷ್ಣುವರ್ಧನ, 18 ವರ್ಷ. ಆಮೇಲೆ ಅವನ ಮಗ ಜಯಸಿಂಹ, ಮೂವತ್ತಕ್ಕೂ ಮೇಲೆ. ಎರಡನೆಯ ವಿಷ್ಣುವರ್ಧನ, 9. ಮಂಗಿ ಯುವರಾಜ, 25. ಹೀಗೆ ಪಟ್ಟಿ ಇಳಿದುಬರುತ್ತದೆ. ವಂಶದ ಮೂಲಪುರುಷನಿಗೆ ನೂರಾರು ವರ್ಷಗಳ ಆಳ್ವಿಕೆ ಕೊಡುವುದು ಪುರಾಣಗಳ ರೂಢಿ. ಇಲ್ಲಿ ಕೊಟ್ಟಿರುವುದು ಹದಿನೆಂಟೇ. ಆ ಹದಿನೆಂಟನ್ನು ಅವನ ಕಾಲದ್ದೇ ಆದ ಚೀಪುರುಪಲ್ಲಿಯ ತಾಮ್ರಪಟ ಬೇರೆ ದಿಕ್ಕಿನಿಂದ ಸಮರ್ಥಿಸುತ್ತದೆ.

ಇನ್ನೂ ಗಮನಿಸಬೇಕಾದದ್ದು ಜಯಸಿಂಹನ ತಮ್ಮ ಇಂದ್ರ ಭಟ್ಟಾರಕನ ಸಾಲು. ಅವನ ಹೆಸರಿನ ಮುಂದೆ ಇರುವ ಅವಧಿ ಏಳು ದಿನ. ಏಳು ದಿನ ಆಳಿದ ಅರಸನಿಂದ ವಂಶಕ್ಕೆ ಯಾವ ಕೀರ್ತಿ? ಯಾವ ದೇವಾಲಯ, ಯಾವ ಗೆಲುವು? ಅವನನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆದರೂ ಅವನ ಹೆಸರು ತಾಮ್ರಪಟಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯಿತು. ಮುಂದೆ ಕೊಕ್ಕಿಲಿ ಎಂಬವನು ಬರುತ್ತಾನೆ, ಆರು ತಿಂಗಳು. ಅವನನ್ನು ಹೊರದೂಡಿದವನು ಒಡಹುಟ್ಟಿದ ಅಣ್ಣನೇ ಎಂಬುದನ್ನೂ ಶಾಸನಗಳು ಮುಚ್ಚಿಡುವುದಿಲ್ಲ. ಒಂದು ತಿಂಗಳು ಆಳಿದ ತಾಳನೂ ಪಟ್ಟಿಯಲ್ಲಿದ್ದಾನೆ. ಲೆಕ್ಕದಲ್ಲಿ ತಪ್ಪುಗಳೂ ಇವೆ: ಇಮ್ಮಡಿ ವಿಜಯಾದಿತ್ಯನ ಆಳ್ವಿಕೆ ಕೆಲವು ತಾಮ್ರಪಟಗಳಲ್ಲಿ 44 ವರ್ಷ, ಕೆಲವದರಲ್ಲಿ 48. ಆದರೆ ಇವು ನೆನಪಿನ ಕೈತಪ್ಪುಗಳು, ಹೆಮ್ಮೆಯ ಕಟ್ಟುಕಥೆಗಳಲ್ಲ. ಇತಿಹಾಸಕಾರರು ಪೂರ್ವ ಚಾಲುಕ್ಯರ ಕಾಲಗಣನೆಯನ್ನು ಕಟ್ಟಿದ್ದು ಇಂಥ ಪಟ್ಟಿಗಳ ಆಧಾರದ ಮೇಲೆಯೇ.

ಒಂದು ತಿಂಗಳ ತಾಳನ ಮಗ ಯುದ್ಧಮಲ್ಲ. ಪಟ್ಟಿಯ ಪ್ರಕಾರ ಅವನದು ಏಳು ವರ್ಷ. ವಿಜಯವಾಡದ ಇಂದ್ರಕೀಲಾದ್ರಿಯ ಬಳಿ ದೊರೆತ, ಸುಮಾರು 930ರ ಕಂಬದ ಶಾಸನ ಈ ಯುದ್ಧಮಲ್ಲನದೆಂದು ವಿದ್ವಾಂಸರು ಹೇಳುತ್ತಾರೆ. ಬೆಜವಾಡದಲ್ಲಿ ಕುಮಾರಸ್ವಾಮಿಗೆ ಗುಡಿ ಕಟ್ಟಿಸಿದ ವಿಷಯ ಅದರಲ್ಲಿದೆ. ಭಾಷೆ ತೆಲುಗು, ರಚನೆ ಪದ್ಯ, ಛಂದಸ್ಸು ಮಧ್ಯಾಕ್ಕರ. ಬಾದಾಮಿಯಿಂದ ಬಂದ ಮನೆತನ ಮೂರು ಶತಮಾನಗಳಲ್ಲಿ ಸಂಪೂರ್ಣವಾಗಿ ಈ ನೆಲದ್ದಾಗಿತ್ತು. ತೆಲುಗು ಪದ್ಯದ ಆರಂಭಕಾಲದ ಗುರುತುಗಳಲ್ಲಿ ಒಂದು ಅವರದೇ. ಹಾಗಿದ್ದೂ ಆ ಅಕ್ಕರಗಳ ಬಂಧ ಕನ್ನಡ ಛಂದಸ್ಸನ್ನು ಓದಿದವರಿಗೆ ಪರಕೀಯವಲ್ಲ; ಎರಡೂ ಭಾಷೆಗಳಿಗೆ ಅದು ಸಮಾನವಾದ ಸೊತ್ತು. ಮಕ್ಕಳು ಮನೆಯಲ್ಲಿ ತೆಲುಗು ಬೆರೆಸಿ ಮಾತನಾಡುತ್ತಾರೆಂದು ನಾವು ಪೇಚಾಡುವಾಗ ಈ ಕಂಬವನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಭಾಷೆ ಬದಲಾದರೂ ಆ ಮನೆತನ ತಾನು ಯಾರ ತಮ್ಮನ ಸಂತತಿಯೆಂಬುದನ್ನು ಮರೆತಿರಲಿಲ್ಲ.

ಮರೆವು ಬಂದದ್ದು ಬೇರೆ ರೀತಿಯಲ್ಲಿ, ಅದೂ ವೈಭವದ ವೇಷದಲ್ಲಿ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಮನೆಯ ಅಳಿಯನಾದ ವಿಮಲಾದಿತ್ಯನ ರಣಸ್ತಿಪೂಂಡಿ ಶಾಸನದ ಹೊತ್ತಿಗೆ ಈ ಸರಳವಾದ ಪಟ್ಟಿಯ ತಲೆಯ ಮೇಲೆ ಒಂದು ಪುರಾಣ ಬಂದು ಕೂತಿತು. ಚಂದ್ರನಿಂದ ವಂಶ ಆರಂಭವಾಯಿತು. ಅಯೋಧ್ಯೆಯಲ್ಲಿ 59 ಅರಸರು ಆಳಿದರು. ಕೊನೆಗೆ ವಿಜಯಾದಿತ್ಯನೆಂಬವನು ದಕ್ಷಿಣಕ್ಕೆ ಬಂದು ತ್ರಿಲೋಚನ ಪಲ್ಲವನೊಡನೆ ಕಾದಿ ಮಡಿದನು. ಗರ್ಭಿಣಿಯಾಗಿದ್ದ ರಾಣಿಗೆ ಮುಡಿವೇಮು ಎಂಬ ಅಗ್ರಹಾರದಲ್ಲಿ ವಿಷ್ಣುಭಟ್ಟ ಸೋಮಯಾಜಿ ಆಶ್ರಯ ಕೊಟ್ಟನು. ಅಲ್ಲಿ ಹುಟ್ಟಿದ ಮಗನಿಂದ ಚಾಲುಕ್ಯ ವಂಶ ಬೆಳೆಯಿತು. ಅದೇ ಕಾಲದ ಕಲ್ಯಾಣದ ಚಾಲುಕ್ಯರ ಕೌಠೇಂ ತಾಮ್ರಪಟವೂ, 1009ರದು, ಅಯೋಧ್ಯೆಯ 59 ಅರಸರನ್ನು ಎಣಿಸುತ್ತದೆ. ನಾಲ್ಕು ಶತಮಾನಗಳ ಹಿಂದೆ ಕವಲೊಡೆದ ಎರಡು ಶಾಖೆಗಳು ಏಕಕಾಲಕ್ಕೆ ಒಂದೇ ಅಯೋಧ್ಯೆಯನ್ನು ‘ನೆನಪಿಸಿಕೊಂಡವು’. ಅವರ ಪೂರ್ವಜರ ಯಾವ ಹಳೆಯ ಶಾಸನದಲ್ಲೂ ಈ ಅಯೋಧ್ಯೆಯಿಲ್ಲ. ನಮ್ಮ ಮನೆಗಳ ‘ಅಂತೆ’ಗೂ ಹೀಗೊಂದು ಹುಟ್ಟಿದ ದಿನ ಇದ್ದಿರಬಹುದು.

ಎರಡನೆಯ ಮನೆತನ ಕಳಿಂಗದ ಗಂಗರದು. ವಿಶಾಖಪಟ್ಟಣದವರಿಗೆ ಇವರು ಅಪರಿಚಿತರಲ್ಲ. ಸಿಂಹಾಚಲದ ಬೆಟ್ಟ ಹತ್ತಿದವರೆಲ್ಲ ಅವರು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯನ್ನೇ ನೋಡುತ್ತಾರೆ. ಈ ವಂಶದ ಅನಂತವರ್ಮ ಚೋಡಗಂಗನು 1078ರಲ್ಲಿ ಪಟ್ಟವೇರಿದನು. ಅವನ ಮೂರು ದಾನಪತ್ರಗಳು ‘ವಿಶಾಖಪಟ್ಟಣದ ತಾಮ್ರಪಟಗಳು’ ಎಂದೇ ಇತಿಹಾಸದಲ್ಲಿ ಹೆಸರಾಗಿವೆ. ಅವುಗಳನ್ನು ಫ್ಲೀಟ್ ಪ್ರಕಟಿಸಿದರು. ಮೂರರಲ್ಲಿ ಶಕ 1040ರ, ಎಂದರೆ 1118ರ ತಾಮ್ರಪಟ ಕನ್ನಡಿಗರಿಗೆ ರೋಮಾಂಚನ ತರುವಂಥದು. ಅದರ ಪ್ರಕಾರ ವಿಷ್ಣುವಿನಿಂದ ಬ್ರಹ್ಮ, ಅತ್ರಿ, ಚಂದ್ರ ಎಂದು ಇಳಿದುಬಂದ ವಂಶದಲ್ಲಿ ಗಂಗೆಯ ವರದಿಂದ ಗಾಂಗೇಯನು ಹುಟ್ಟಿದನು. ಆ ಪರಂಪರೆಯ ಕೋಲಾಹಲನು ಗಂಗವಾಡಿಯಲ್ಲಿ ಕೋಲಾಹಲಪುರವನ್ನು ಕಟ್ಟಿಸಿದನು. ಅನೇಕ ತಲೆಮಾರುಗಳ ಬಳಿಕ ವೀರಸಿಂಹನೆಂಬವನಿಗೆ ಐವರು ಮಕ್ಕಳಾದರು: ಕಾಮಾರ್ಣವ, ದಾನಾರ್ಣವ, ಗುಣಾರ್ಣವ, ಮಾರಸಿಂಹ, ವಜ್ರಹಸ್ತ. ಹಿರಿಯನಾದ ಕಾಮಾರ್ಣವನು ತನ್ನ ನಾಡನ್ನು ಚಿಕ್ಕಪ್ಪನಿಗೆ ಬಿಟ್ಟುಕೊಟ್ಟು, ನಾಲ್ವರು ತಮ್ಮಂದಿರೊಡನೆ ಪೂರ್ವಕ್ಕೆ ಹೊರಟು, ಮಹೇಂದ್ರಗಿರಿಯನ್ನು ಹತ್ತಿ ಗೋಕರ್ಣಸ್ವಾಮಿಯನ್ನು ಪೂಜಿಸಿ, ಕಳಿಂಗವನ್ನು ಗೆದ್ದನು. ಕೋಲಾಹಲಪುರವೆಂದರೆ ನಮ್ಮ ಕೋಲಾರ, ಗಂಗರ ಶಾಸನಗಳ ಕುವಲಾಲ. ಊರು ಬಿಟ್ಟು ಬಂದ ಐವರು ಅಣ್ಣತಮ್ಮಂದಿರ ಈ ಚಿತ್ರ ವಲಸಿಗರಾದ ನಮ್ಮನ್ನು ಸೆಳೆಯುವುದು ಸಹಜ.

ಆದರೆ ಸೆಳೆತವೇ ಸಾಕ್ಷ್ಯವಲ್ಲ. ಇದೇ ಚೋಡಗಂಗನ 1081ರ ತಾಮ್ರಪಟದಲ್ಲಿ ಈ ಕಥೆಯಿಲ್ಲ. ಅವನ ಅಜ್ಜ ವಜ್ರಹಸ್ತನ ನಡಗಾಂ ತಾಮ್ರಪಟ ಶಕ 979ರದು. ಅಲ್ಲಿ ವಂಶಾವಳಿ ಗುಣಮಹಾರ್ಣವನೆಂಬ ಅರಸನಿಂದ ಆರಂಭವಾಗಿ, ವೆಂಗಿಯವರ ಹಾಗೆಯೇ ಆಳಿದ ವರ್ಷಗಳ ಲೆಕ್ಕದೊಡನೆ ಸಾಗುತ್ತದೆ. ಅಲ್ಲಿಯೂ ಆರು ತಿಂಗಳ ಅರಸನೊಬ್ಬನಿದ್ದಾನೆ. ಅದಕ್ಕೂ ಹಿಂದಿನ ಕಳಿಂಗ ಗಂಗರ ದಾನಪತ್ರಗಳಲ್ಲಿ ಮಹೇಂದ್ರಗಿರಿಯ ಗೋಕರ್ಣಸ್ವಾಮಿ ಇದ್ದಾನೆ, ಕೋಲಾಹಲಪುರವಿಲ್ಲ. ಕೋಲಾರ, ತಲಕಾಡುಗಳ ಗಂಗರು ಕಾಣ್ವಾಯನ ಗೋತ್ರದವರು, ಅವರ ಲಾಂಛನ ಆನೆ. ಕಳಿಂಗದ ಗಂಗರು ಆತ್ರೇಯ ಗೋತ್ರದವರು, ಅವರ ಲಾಂಛನ ನಂದಿ. ಕಳಿಂಗದವರು ಬಳಸಿದ ಗಂಗ ಶಕೆ ಐದನೆಯ ಶತಮಾನದ ಕೊನೆಯಲ್ಲಿ ತೊಡಗುತ್ತದೆ. ಅಂದರೆ ಕೋಲಾರದ ಮಾತು ಮೊದಲಬಾರಿಗೆ ಬರುವುದು ವಂಶ ನೆಲೆನಿಂತ ಆರುನೂರು ವರ್ಷಗಳ ಮೇಲೆ.

ಆಗಲೇ ಏಕೆ ಬಂತು? 1118ರ ಹೊತ್ತಿಗೆ ಚೋಡಗಂಗನು ಉತ್ಕಲವನ್ನೂ ತನ್ನ ರಾಜ್ಯಕ್ಕೆ ಸೇರಿಸಿಕೊಂಡು ದೊಡ್ಡ ಅರಸನಾಗಿದ್ದನು. ದೊಡ್ಡ ರಾಜ್ಯಕ್ಕೆ ದೊಡ್ಡ ವಂಶಾವಳಿ ಬೇಕಿತ್ತು. ಇನ್ನೊಂದು ಕಾರಣವೂ ಇದ್ದೀತೆಂದು ನಮಗೆ ತೋರುತ್ತದೆ. ತಲಕಾಡಿನ ಗಂಗರ ರಾಜ್ಯ ಚೋಳರ ಕೈಯಲ್ಲಿ ಮುರಿದುಬಿದ್ದು ಆಗಲೇ ನೂರು ವರ್ಷಗಳ ಮೇಲಾಗಿತ್ತು. ಹೊಯ್ಸಳ ವಿಷ್ಣುವರ್ಧನನು ಕೆಲವೇ ವರ್ಷಗಳ ಹಿಂದೆ ತಲಕಾಡನ್ನು ಚೋಳರಿಂದ ಕಿತ್ತುಕೊಂಡಿದ್ದನು. ಗಂಗವಾಡಿಯಲ್ಲಿ ಗಂಗ ಅರಸರೇ ಇರಲಿಲ್ಲ. ‘ನೀವು ನಮ್ಮವರಲ್ಲ’ ಎಂದು ಅಲ್ಲಿಂದ ಎದ್ದು ಹೇಳುವ ಅರಮನೆಯೊಂದು ಉಳಿದಿರಲಿಲ್ಲ. ಕಳೆದುಹೋದ ತವರನ್ನು ಎಷ್ಟು ಬೇಕಾದರೂ ಎತ್ತರಕ್ಕೆ ಕಟ್ಟಬಹುದು. ಊರಿನ ಮಾರಿಹೋದ ಮನೆಯನ್ನು ಮಕ್ಕಳಿಗೆ ವರ್ಣಿಸುವಾಗ ನಮ್ಮ ಮಾತಿನಲ್ಲಿಯೂ ಅದರ ಕಂಬಗಳು ದಪ್ಪವಾಗುತ್ತಾ ಹೋಗುವುದನ್ನು ನಾವು ಬಲ್ಲೆವು.

ಕಥೆಗೆ ಇನ್ನೊಂದು ಮಗ್ಗುಲಿದೆ. ಕೇವಲ ಮೂರು ನಾಲ್ಕು ವರ್ಷಗಳ ಅನಂತರ, 1121ರ ಸುಮಾರಿನಲ್ಲಿ, ಶಿವಮೊಗ್ಗದ ಬಳಿಯ ಕಲ್ಲೂರುಗುಡ್ಡದಲ್ಲಿ ಕನ್ನಡದ ಗಂಗ ಶಾಖೆಯವರು ತಮ್ಮ ವಂಶದ ಕಥೆಯನ್ನು ಕೆತ್ತಿಸಿದರು. ಅಲ್ಲಿ ದಡಿಗ ಮಾಧವರಿಗಿಂತ ಬಹು ಹಿಂದೆ, ಅಣ್ಣತಮ್ಮಂದಿರಲ್ಲಿ ಭಗದತ್ತನಿಗೆ ಕಳಿಂಗವೂ ಶ್ರೀದತ್ತನಿಗೆ ಮೂಲ ರಾಜ್ಯವೂ ದೊರೆತವೆಂದಿದೆ. ಕಳಿಂಗದವರು ‘ಕೋಲಾರದಿಂದ ಬಂದೆವು’ ಎಂದರೆ, ಕನ್ನಡದವರು ‘ಉತ್ತರದಲ್ಲಿದ್ದಾಗಲೇ ಬೇರೆಯಾದೆವು’ ಎನ್ನುತ್ತಾರೆ. ದಾರಿ ಕೂಡಿಬರುವುದಿಲ್ಲ, ಕಾಲ ಕೂಡಿಬರುವುದಿಲ್ಲ. ಆದರೂ ಎರಡು ದಡಗಳಲ್ಲಿ ಇಬ್ಬರೂ ಪರಸ್ಪರರನ್ನು ದಾಯಾದಿಗಳೆಂದು ಒಪ್ಪಿದರು. ಐವರು ಸಹೋದರರ ನಡುವೆ ಕೂತಿರುವ ಮಾರಸಿಂಹ ಎಂಬ ಹೆಸರು ತಲಕಾಡಿನ ಗಂಗರಿಗೆ ಪ್ರಿಯವಾದದ್ದು ಎಂಬುದನ್ನೂ ಮರೆಯುವಂತಿಲ್ಲ. ರಕ್ತಸಂಬಂಧ ಇತ್ತೆಂದು ಇದರಿಂದ ಸಾಧಿಸಲಾಗದು. ಸಂಬಂಧ ಬೇಕೆಂದು ಇಬ್ಬರೂ ಬಯಸಿದರು ಎಂಬಷ್ಟು ನಿಶ್ಚಯ. ಇತಿಹಾಸದಲ್ಲಿ ಅದೂ ಒಂದು ಸಂಗತಿಯೇ.

ಮೂರನೆಯ ಮನೆತನ ಅರಸರದಲ್ಲ, ಕವಿಯದು. ಅದರ ಪಯಣ ಎದುರು ದಿಕ್ಕಿನದು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಪಂಪನು ತನ್ನ ಹಿರಿಯರು ವೆಂಗಿಮಂಡಲದವರೆಂದು ಹೇಳಿಕೊಂಡಿದ್ದಾನೆ. ಅವನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕರೀಂನಗರದ ಬಳಿಯ ಕುರಿಕ್ಯಾಲದ ಬಂಡೆಯಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಕೆತ್ತಿಸಿದ ಶಾಸನ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ: ಮೂಲ ಊರು ಕಮ್ಮೆನಾಡಿನ ವಂಗಿಪರ್ರು, ಅಂದರೆ ಕೃಷ್ಣೆಯ ತೆಂಕಣ ದಡದ ಗುಂಟೂರು ಸೀಮೆ. ವಿಜಯವಾಡದ ಪ್ರಕಾಶಂ ಬ್ಯಾರೇಜನ್ನು ದಾಟಿದರೆ ಆ ಸೀಮೆ ತೊಡಗುತ್ತದೆ. ಛಂದೋಂಬುಧಿಯ ನಾಗವರ್ಮನೂ ತನ್ನ ಮನೆತನದ ಬೇರನ್ನು ವೆಂಗಿಪಳುವಿನಲ್ಲೇ ಗುರುತಿಸುತ್ತಾನೆ. ನಾವು ಕನ್ನಡದ ಆದಿಕವಿಯ ನಾಡಿನಿಂದ ಬಂದವರೆಂದು ಇಲ್ಲಿ ಹೇಳಿಕೊಳ್ಳುತ್ತೇವೆ. ಆದಿಕವಿಯ ಮನೆಯವರು ಹೊರಟದ್ದೇ ಇಲ್ಲಿಂದ.

ಪಂಪನ ವಂಶಾವಳಿಯಲ್ಲಿ ದೇವತೆಗಳಿಲ್ಲ, ಅಯೋಧ್ಯೆಯಿಲ್ಲ. ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಭೀಮಪಯ್ಯ, ಅವನ ಮಗ ತಾನು. ಐದೇ ತಲೆಮಾರು. ಮಾಧವ ಸೋಮಯಾಜಿ ದೊಡ್ಡ ಯಜ್ಞಗಳನ್ನು ಮಾಡಿದವನು. ಆ ಹೋಮದ ಹೊಗೆ ಅವನ ಬೆಳ್ಳನೆಯ ಕೀರ್ತಿಯನ್ನೇ ಕಪ್ಪಾಗಿಸಿತೆಂದು ಮರಿಮಗನ ಮಗ ನಿರ್ದಾಕ್ಷಿಣ್ಯವಾಗಿ ಬರೆದನು. ತಂದೆ ಭೀಮಪಯ್ಯ ವೈದಿಕ ಮಾರ್ಗವನ್ನು ಬಿಟ್ಟು ಜೈನನಾದದ್ದನ್ನೂ ಮರೆಮಾಚದೆ, ಅಭಿಮಾನದಿಂದ ಹೇಳಿದನು. ಜಿನವಲ್ಲಭನ ಬಂಡೆಯಲ್ಲಿ ಇನ್ನೊಂದು ಸಾಲು ಉಳಿದಿದೆ: ತಾಯಿ ಅಬ್ಬಣಬ್ಬೆ, ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಧಾರವಾಡ ಸೀಮೆಯ ಹೆಣ್ಣುಮಗಳ ತವರನ್ನು ತೆಲುಗು ನಾಡಿನ ಬಂಡೆಯ ಮೇಲೆ ಮಗ ಬರೆಸಿದ್ದರಿಂದ ಮಾತ್ರ ನಮಗೆ ಆ ಹೆಸರು ಗೊತ್ತು. ಹೆಳವರ ಹೊತ್ತಗೆಯಲ್ಲಾಗಲಿ ಅರಸರ ಪಟ್ಟಿಗಳಲ್ಲಾಗಲಿ ಇಂಥ ಸಾಲು ಸುಲಭಕ್ಕೆ ಸಿಗುವುದಿಲ್ಲ.

ಹೀಗೆ ಈ ದಾರಿ ಎಂದೂ ಒಮ್ಮುಖವಾಗಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಮೊದಲಕ್ಷರ ಗಿದ್ದಲೂರು ಸೀಮೆಯ ಮೋಕ್ಷಗುಂಡಂ ಎಂಬ ಹಳ್ಳಿ. ಅವರ ಹಿರಿಯರು ಅಲ್ಲಿಂದ ಮುದ್ದೇನಹಳ್ಳಿಗೆ ಬಂದವರು. ಎಷ್ಟೋ ತಲೆಮಾರುಗಳ ವಲಸೆಯ ಕಥೆ ಒಂದು ಅಕ್ಷರದಲ್ಲಿ ಸುರಕ್ಷಿತವಾಗಿ ಉಳಿಯಿತು. ತೆಲುಗರ ಇಂಟಿಪೇರುಗಳಲ್ಲಿ ಬಹಳಷ್ಟು ಹೀಗೆ ಊರಿನ ಹೆಸರುಗಳೇ. ನಮ್ಮ ಮಕ್ಕಳ ಶಾಲಾ ದಾಖಲೆಗಳಲ್ಲಿ ಇಂಟಿಪೇರಿನ ಅಂಕಣಕ್ಕೆ ಏನು ಬರೆಯಬೇಕೆಂದು ತೋಚದೆ ತಂದೆಯ ಹೆಸರನ್ನೋ ಜಾತಿಸೂಚಕವನ್ನೋ ತುಂಬಿ ಕೈತೊಳೆದುಕೊಂಡವರು ನಮ್ಮಲ್ಲಿ ಅನೇಕರಿದ್ದೇವೆ. ಬಿಟ್ಟುಬಂದ ಊರಿನ ಹೆಸರನ್ನು ಅಲ್ಲಿ ಬರೆದಿದ್ದರೆ ಅದೊಂದು ಪುಟ್ಟ ತಾಮ್ರಪಟವಾಗುತ್ತಿತ್ತು.

ವಂಶಾವಳಿಯನ್ನು ಬರೆಯಲು ಹೊರಟವರಿಗೆ ಈ ಮೂರು ಮನೆತನಗಳಿಂದ ದೊರೆಯುವ ಪಾಠ ನಮಗೆ ಸ್ಪಷ್ಟವಾಗಿದೆ. ತಿಳಿದವರಿಂದ ಹಿಂದಕ್ಕೆ ನಡೆಯಬೇಕು. ಮೇಲಿನಿಂದ, ಋಷಿಯಿಂದಲೋ ಅರಸನಿಂದಲೋ ಕೆಳಗಿಳಿಯಬಾರದು. ಹಳೆಯ ಶಾಲಾ ಪ್ರಮಾಣಪತ್ರ, ಜಮೀನಿನ ಕಾಗದ, ಮದುವೆಯ ಲಗ್ನಪತ್ರಿಕೆ, ಗಯೆಯ ಪಂಡರ ಕಡತದಲ್ಲಿ ಯಾರೋ ಹಿರಿಯರು ಹಾಕಿದ ಸಹಿ, ಊರಿನ ಹೆಳವನ ಹಾಡು, ಇವುಗಳಲ್ಲಿ ಒಂದು ಇನ್ನೊಂದನ್ನು ಚೀಪುರುಪಲ್ಲಿಯ ತಾಮ್ರಪಟದಂತೆ ಸಮರ್ಥಿಸುವುದೇ ಎಂದು ನೋಡಬೇಕು. ‘ಅಂತೆ’ ಎಂದು ಕೇಳಿದ್ದನ್ನು ‘ಅಂತೆ’ ಎಂದೇ ಬರೆಯಬೇಕು. ಅಜ್ಜಿಯರ ತವರೂರುಗಳನ್ನು ಅಬ್ಬಣಬ್ಬೆಯ ಮಗನಂತೆ ದಾಖಲಿಸಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಏಳು ದಿನದ ಅರಸನನ್ನು ಬಿಡಬಾರದು. ಪ್ರತಿ ಮನೆಯಲ್ಲೂ ಅಂಥವರೊಬ್ಬರು ಇರುತ್ತಾರೆ: ಈ ಊರಿಗೆ ಮೊದಲು ಬಂದು, ವ್ಯಾಪಾರ ನಡೆಯದೆ ವರ್ಷದೊಳಗೆ ಅಂಗಡಿ ಮುಚ್ಚಿದ ದೊಡ್ಡಪ್ಪ, ಮನೆಯವರೊಡನೆ ಜಗಳವಾಡಿ ಹೋಗಿ ಮರಳಿ ಬಾರದ ಮಾವ, ಹೆಸರಿಡುವ ಮೊದಲೇ ತೀರಿಕೊಂಡ ಕೂಸು. ನಾವು ಇಲ್ಲಿಗೆ ಬಂದ ದಾರಿಯನ್ನು ಗೆದ್ದವರಷ್ಟೇ ಅವರೂ ತುಳಿದಿದ್ದರು. ಅವರ ಹೆಸರು, ಗೊತ್ತಿದ್ದಷ್ಟು ಅವಧಿ, ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟರೂ ಸಾಕು. ಮುಂದೆ ಎಂದೋ ಮಕ್ಕಳ ಮಕ್ಕಳು ನಮ್ಮ ಪಟ್ಟಿಯನ್ನು ಯಾವ ಭಾಷೆಯಲ್ಲಿ ಓದಿದರೂ, ಆ ಒಂದು ಸಾಲನ್ನು ಕಂಡ ಮೇಲೆ ಉಳಿದ ಸಾಲುಗಳನ್ನೂ ನಂಬಿಯಾರು.